ಹೂಕೋಸು ಕೇಳಿದವರಿಗೆಲ್ಲ ನವಿಲುಕೋಸು

ಊರಿನ್ನೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿದೆ. ನರ್ಸರಿಯ ಹಿಂದಿನ ಗೇಟಿನ ಚಿಲಕ ಕಿರ್ರೆನ್ನುತ್ತದೆ. ಮೊಣಕಾಲುದ್ದದ ರಬ್ಬರ್ ಬೂಟು, ಗಂಡನ ಹಳೆಯ ಅಂಗಿ, ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ. ಸಸಿಯಕ್ಕ ಒಳಗೆ ಬಂದವರೇ ಶೆಡ್ಡಿನ ಗೋಡೆ ತಡಕಿ ಸ್ವಿಚ್ ಒತ್ತುತ್ತಾರೆ. ಹೊಗೆ ಹಿಡಿದ ಹಳೇ ಬಲ್ಬು ಒಲ್ಲದ ಮನಸ್ಸಿನಿಂದ ಒಂದಿಷ್ಟು ಹಳದಿ ಬೆಳಕು ಚೆಲ್ಲುತ್ತದೆ. ಅದರಡಿಯಲ್ಲಿ ಸಾಲುಸಾಲು ಕಪ್ಪು ಟ್ರೇಗಳು. ಟ್ರೇ ತುಂಬ ಹೆಬ್ಬೆರಳು ಹಿಡಿಸುವಷ್ಟು ಪುಟ್ಟ ಗುಳಿಗಳು, ಗುಳಿಗೊಂದು ಮೊಳಕೆ.

"ಎದ್ರಾ? ಎಲ್ಲಾ ಎದ್ರಾ?" ಎಂದು ಬಗ್ಗಿ ನೋಡುತ್ತಾರೆ. "ಬದನೆ ಎದ್ದಾಯ್ತು. ಟೊಮೆಟೊ ಎದ್ದಾಯ್ತು. ಏ ಮೆಣಸಿನಕಾಯಿ, ನಿಂಗೇನು ಬಂತು ಧಾಡಿ? ದಿನಾ ನಿಂದೇ ತಡ!"

ಆಮೇಲೆ ಹೊಸ ಟ್ರೇಗಳ ಸರದಿ. ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಕಲಸಿ ಗುಳಿ ತುಂಬುವುದು, ಬೆರಳ ತುದಿಯಿಂದ ಕುಳಿ ಮಾಡುವುದು, ಬೀಜ ಬಿಡುವುದು, ಮೇಲೆ ಚಿಟಿಕೆ ಮಣ್ಣು ಉದುರಿಸುವುದು. ಕೈ ಎಷ್ಟು ಚುರುಕೆಂದರೆ ನೋಡುವವರ ಕಣ್ಣಿಗೆ ಬೀಜ ಬಿದ್ದದ್ದೇ ಕಾಣುವುದಿಲ್ಲ. ಗೇಟು ತೆರೆದರೆ ಹೂಗಿಡಗಳಿಗೆ ನೀರು, ಗಿರಾಕಿ, ಮಾಲೀಕರ ಕೂಗು, ಎಲ್ಲ ಒಟ್ಟಿಗೇ ಶುರುವಾಗುವುದರಿಂದ ಬಿತ್ತುವ ಕೆಲಸ ಇಷ್ಟು ಹೊತ್ತಿಗೇ ಮುಗಿಯಬೇಕು.

ಬಿತ್ತಿದ ಟ್ರೇಗೆ ಗುರುತಿನ ದಾರ ಕಟ್ಟಬೇಕಲ್ಲ, ಅದನ್ನು ಮಾತ್ರ ಸಸಿಯಕ್ಕ ಶೆಡ್ಡಿನೊಳಗೆ ಕಟ್ಟುವುದಿಲ್ಲ. ಒಂದೊಂದೇ ಟ್ರೇಯನ್ನು ಎದೆಗವಚಿಕೊಂಡು ಅಂಗಳಕ್ಕೆ ತರುತ್ತಾರೆ. ಕಾಂಪೌಂಡಿನ ಆಚೆ ಸೂರ್ಯ ಮೇಲೇರುವ ತನಕ ಕಾಯುತ್ತಾರೆ. ಬಿಸಿಲು ಗೋಡೆ ಇಳಿದು ಟ್ರೇ ಮುಟ್ಟಿದ ಮೇಲೆ ಜೇಬಿನಿಂದ ದಾರದ ಉಂಡೆಗಳು ಹೊರಬರುತ್ತವೆ. ಟೊಮೆಟೊಗೆ ಕೆಂಪು, ಬದನೆಗೆ ನೇರಳೆ, ಮೆಣಸಿನಕಾಯಿಗೆ ಹಸಿರು, ಹೂಕೋಸಿಗೆ ಬಿಳಿ, ನವಿಲುಕೋಸಿಗೆ ತಿಳಿಹಳದಿ.

ಒಳಗೇ ಕಟ್ಟಬಹುದಲ್ಲ ಎಂದು ಕೇಳಿದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. "ಒಳಗೆ ಕಟ್ಟಿ ಒಂದು ಸಲ ಊರಿಗೆಲ್ಲ ಟೋಪಿ ಹಾಕಿದ್ದೀನಿ. ಅದರ ತೀರ್ಮಾನ ಇವತ್ತೇ ಆಗೋದು. ನಿಂತು ನೋಡಿ, ತಮಾಷೆ ಇದೆ!"

ತಮಾಷೆ ಎಂದು ಬಾಯಲ್ಲಿ ಹೇಳುತ್ತಾರೆಯೇ ಹೊರತು ಹಾಕಿದ ಗಂಟನ್ನೇ ಬಿಚ್ಚಿ ಮತ್ತೆ ಮತ್ತೆ ಕಟ್ಟುತ್ತಿದ್ದಾರೆ. ಅಂಗಳದ ಆ ತುದಿಗೆ, ನೀರಿನ ನಲ್ಲಿಯ ಪಕ್ಕ, ತರಕಾರಿ ಸಸಿಗಳದ್ದೊಂದು ಮೂಲೆಯಿದೆ. ಅದರ ಹಿಂದಿನ ಗೋಡೆಗೆ ಹೊಚ್ಚ ಹೊಸ ಕಬ್ಬಿಣದ ಸ್ಟ್ಯಾಂಡುಗಳು ಒರಗಿ ನಿಂತಿವೆ. ಅವು ಕಳ್ಳಿ ಗಿಡಗಳಿಗಾಗಿ ಬಂದವು. ಇವತ್ತು ಗಿರಾಕಿಗಳು ಬಂದು ಸಿಟ್ಟಾದರೆ ಆ ಮೂಲೆ ಕಳ್ಳಿಯ ಪಾಲು, ಸಿಟ್ಟಾಗದಿದ್ದರೆ ಸಸಿಯಕ್ಕನ ಪಾಲು. ಮಾಲೀಕರು ಹಾಗೆಂದೇ ಹೇಳಿದ್ದಾರೆ.

ಅಂಥ ಮೂಲೆಯಲ್ಲಿ ಏನಿದೆ ಮಹಾ ಎನ್ನಬೇಡಿ. ಈ ನರ್ಸರಿಗೆ ಸಸಿಯಕ್ಕ ಬಂದದ್ದು ಉದುರಿದ ಎಲೆ ಗುಡಿಸಲು. ಸಸಿ ಮಾಡುತ್ತಿದ್ದ ಮುದುಕರೊಬ್ಬರು ಬೆನ್ನುನೋವೆಂದು ಬಿಟ್ಟುಹೋದಾಗ, ಪೊರಕೆ ಹಿಡಿದ ಕೈಗೆ ಬೀಜ ಬಂತು. ಹೂಗಿಡ, ಅಲಂಕಾರದ ಗಿಡಗಳೇ ತುಂಬಿದ್ದ ಜಾಗದಲ್ಲಿ ಕಾಡಿ ಬೇಡಿ ಒಂದು ಮೂಲೆ ತರಕಾರಿಗೆ ದಕ್ಕಿಸಿಕೊಂಡರು. ಅವರ ಮನೆಯೋ, ದರ್ಜಿ ಗಂಡನ ಅಂಗಡಿಯ ಹಿಂದಿನ ಒಂದೇ ಕೋಣೆ. ಇರುವ ಒಂದು ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈಚಾಚಿದರೆ ಸಿಗುತ್ತದೆ. ಹಿಂದೊಮ್ಮೆ ಆ ಕಿಟಕಿಯಲ್ಲಿ ಲೋಟದೊಳಗೆ ಪುದಿನ ಕಡ್ಡಿ ನೆಟ್ಟಿದ್ದರಂತೆ. ಬಿಸಿಲು ಹುಡುಕಿ ಹುಡುಕಿ ಕತ್ತು ಉದ್ದ ಮಾಡಿ, ಬೆಳ್ಳಗಾಗಿ, ಕೊನೆಗೆ ಮಲಗಿಬಿಟ್ಟಿತು.

"ಊರಿನ ಬಾಲ್ಕನಿಗಳಿಗೆಲ್ಲ ಸಸಿ ಕಳಿಸೋಳು ನಾನು. ನಮ್ಮನೇಲಿ ಒಂದು ಮೆಣಸಿನಕಾಯಿ ಬಿಟ್ಟಿಲ್ಲ," ಎನ್ನುತ್ತಾರೆ. "ನಾಲ್ಕೆಲೆ ಬರೋ ತನಕ ನಂದು. ಆಮೇಲೆ ಯಾರ್‍ಯಾರದೋ ಕೈಚೀಲದಲ್ಲಿ ಕೂತು ಹೊರಟುಬಿಡ್ತವೆ. ಬದುಕಿದ್ವಾ, ಕಾಯಿ ಬಿಟ್ವಾ, ಯಾರೂ ಬಂದು ಹೇಳಲ್ಲ. ಬೆಳೆಯುವ ಪೈರು ಮೊಳಕೆಯಲ್ಲೇ ಅಂತಾರಲ್ಲ, ಆ ಗಾದೆ ಮಾಡಿದವರು ಮೊಳಕೇನೂ ನೋಡಿದ್ರು, ಪೈರನ್ನೂ ನೋಡಿದ್ರು. ನನ್ನ ಹಣೇಲಿ ಬರೀ ಮೊಳಕೆ!"

ಆದ್ದರಿಂದಲೇ ಇರಬೇಕು, ಹೊಸದಾಗಿ ಕೈತೋಟ ಮಾಡುವವರು ಬಂದರೆ ಸಸಿಯಕ್ಕ ಕೇಳಿದ್ದನ್ನು ಸುಲಭಕ್ಕೆ ಕೊಡುತ್ತಿರಲಿಲ್ಲ. ಮಗಳನ್ನು ಕೊಡುವ ಮನೆಯವರಂತೆ ವಿಚಾರಣೆ. ಬಿಸಿಲು ಯಾವ ಕಡೆಯಿಂದ ಬರುತ್ತೆ? ಎಷ್ಟು ಹೊತ್ತು ಇರುತ್ತೆ? ಪಾರಿವಾಳದ ಕಾಟ ಇದೆಯಾ? ಕುಂಡದ ತಳದಲ್ಲಿ ತೂತಿದೆಯಾ? ತೂತಿಲ್ಲ ಎಂದರೆ ಮಾತು ಅಲ್ಲಿಗೇ ಮುಗಿಯಿತು. "ಕುಂಡ ಅಲ್ಲ ಅದು, ಬಾವಿ. ಹೋಗಿ ತೂತು ಮಾಡ್ಕೊಂಡು ಬನ್ನಿ."

ಹೊಸಬರಿಗೆ ಮೊದಲು ಮೆಂತ್ಯ. ಇದು ಅವರ ಕಾನೂನು. "ಅಡುಗೆಮನೆ ಡಬ್ಬಿಯಿಂದ ಒಂದು ಹಿಡಿ ತಗೊಳ್ಳಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಮಣ್ಣಿಗೆ ಎರಚಿ. ಎರಡು ಮೂರು ದಿನಕ್ಕೆ ತಲೆ ಎತ್ತುತ್ತೆ. ತಾಳ್ಮೆ ಇಲ್ಲದೋರಿಗೂ ತಾಳ್ಮೆ ಬರ್ಸುತ್ತೆ ಅದು!" ಮೆಂತ್ಯ ಗೆದ್ದವರಿಗೆ ಮೂಲಂಗಿ. ಅದಕ್ಕೆ ಸಸಿ ಕೊಡುವುದಿಲ್ಲ, ಬೀಜ ನೆಟ್ಟ ಜಾಗದಲ್ಲೇ ಬೆಳೆಯಬೇಕು, ಕಿತ್ತು ನೆಟ್ಟರೆ ಗೆಡ್ಡೆ ಕೋಪಿಸಿಕೊಂಡು ಸೊಟ್ಟಗಾಗುತ್ತದೆ. ಆಮೇಲೆ ಬೀನ್ಸ್, ಒಂದು ಕೋಲು ಸಿಕ್ಕಿದರೆ ಸಾಕು ತಾನೇ ಹತ್ತಿಕೊಂಡು ಹೋಗುತ್ತದೆ. ಮೆಣಸಿನಕಾಯಿ, ಟೊಮೆಟೊ ಅದರ ನಂತರ. ಹೂಕೋಸು ಎಲ್ಲಕ್ಕಿಂತ ಕೊನೆಗೆ, ಅದೂ ಪಳಗಿದ ಕೈಗಳಿಗೆ ಮಾತ್ರ. ಬಿಸಿಲು ಹೆಚ್ಚಾದರೂ ಮುನಿಸು, ನೀರು ತಪ್ಪಿದರೂ ಮುನಿಸು ಅದಕ್ಕೆ.

"ನೀರಂದ್ರೆ ನೆನಪಾಯ್ತು ನೋಡಿ," ಎಂದು ಸಸಿಯಕ್ಕ ತೋರುಬೆರಳನ್ನು ಮಣ್ಣಿಗೆ ಚುಚ್ಚಿ ತೋರಿಸುತ್ತಾರೆ. "ಇಷ್ಟು ಇಳಿಸಿ ನೋಡಬೇಕು. ಬೆರಳಿಗೆ ಮಣ್ಣು ಅಂಟಿದ್ರೆ ನೀರು ಬೇಡ. ಹೊಸಬರ ಕೈಯಲ್ಲಿ ಒಣಗಿ ಸತ್ತ ಗಿಡ ಕಮ್ಮಿ, ಮುಳುಗಿ ಸತ್ತಿದ್ದೇ ಜಾಸ್ತಿ. ಪ್ರೀತಿ ಹೆಚ್ಚಾಗಿ!"

ಇಷ್ಟೆಲ್ಲ ಕೇಳಿಸಿಕೊಳ್ಳುವ ಪುರುಸೊತ್ತು ಎಲ್ಲರಿಗೂ ಇರುತ್ತದೆಯೇ? ಹೂಕೋಸು ಕೇಳಿದ್ದಕ್ಕೆ ಮೆಂತ್ಯದ ಪಾಠ ಕೇಳಿ ರೇಗಿದ ಒಬ್ಬರು ನೇರ ಮಾಲೀಕರ ಮೇಜಿಗೆ ಹೋದರು. ಮಾಲೀಕರು ಕೆಟ್ಟವರೇನಲ್ಲ. ಅಪ್ಪನ ಕಾಲದ ನರ್ಸರಿಯನ್ನು ನಡೆಸಿಕೊಂಡು ಬಂದವರು, ಗಿರಾಕಿ ಮುಖ ಸಿಂಡರಿಸಿದರೆ ನಿದ್ದೆ ಬಾರದವರು. ಸಸಿಯಕ್ಕನನ್ನು ಕರೆದು ಹೇಳಿಯೇಬಿಟ್ಟರು: "ನಾನು ಇಲ್ಲಿ ಅಂಗಡಿ ಇಟ್ಟಿದ್ದೀನಿ, ಸ್ಕೂಲ್ ಅಲ್ಲ. ಕೇಳಿದ್ದು ಕೊಡು, ಕಳಿಸು. ಇನ್ನೊಂದು ದೂರು ಬಂದ್ರೆ ಆ ಮೂಲೇಲಿ ಕಳ್ಳಿ ಇಡ್ತೀನಿ. ಕಳ್ಳಿ ಯಾರಿಗೂ ಬುದ್ಧಿ ಹೇಳಲ್ಲ."

ಅಷ್ಟಕ್ಕೇ ಬಿಡದೆ, ಅಚ್ಚ ಬಿಳಿ ಹೂಕೋಸಿನ ದೊಡ್ಡ ಚಿತ್ರವೊಂದನ್ನು ಗೇಟಿಗೆ ತೂಗುಹಾಕಿಸಿದರು. ಕೇಳಬೇಕೆ! ಆ ಸಲ ಬಂದ ಹೊಸಬರೆಲ್ಲ ಹೂಕೋಸು, ಹೂಕೋಸು ಎಂದೇ ಬಂದರು. ಸಸಿಯಕ್ಕ ಬಾಯಿಗೆ ಬೀಗ ಹಾಕಿಕೊಂಡು ಬಿಳಿ ದಾರದ ಟ್ರೇಯಿಂದ ಮೂರು ಮೂರು ಸಸಿ ಕಿತ್ತುಕೊಟ್ಟರು. ನವಿಲುಕೋಸು ಕೇಳಿದವರು ಇಡೀ ಊರಿಗೆ ಒಬ್ಬರೇ, ಬಸ್ ನಿಲ್ದಾಣದ ಎದುರು ಕೈಗಡಿಯಾರ ರಿಪೇರಿ ಮಾಡುವ ತಾತ. ಅವರಿಗೆ ಹಳದಿ ದಾರದ ಟ್ರೇಯಿಂದ ಒಂದು ಸಸಿ ಹೋಯಿತು.

ಎಲ್ಲ ಸರಿಯಿತ್ತು, ಆ ಒಡಕು ಬಕೆಟ್ಟಿನ ತನಕ. ಮಾರಿ ಉಳಿದ ಒಂದು ಹೂಕೋಸಿನ ಸಸಿಯನ್ನು ಎಸೆಯಲು ಮನಸ್ಸಾಗದೆ ಸಸಿಯಕ್ಕ ನಲ್ಲಿಯ ಬುಡದ ಒಡಕು ಬಕೆಟ್ಟಿನಲ್ಲಿ ಊರಿದ್ದರು. ಒಂದು ಬೆಳಿಗ್ಗೆ ಬಕೆಟ್ ಸರಿಸಲು ಬಗ್ಗಿದವರು ಬಗ್ಗಿದಂತೆಯೇ ನಿಂತರು. ಹೂ ಬಿಡಬೇಕಾದ ಗಿಡದ ಕಾಂಡ, ಮಣ್ಣಿನ ಮೇಲೆ ಗೋಲಿಯಂತೆ ಉಬ್ಬಿತ್ತು.

"ಎದೆ ಧಸಕ್ಕಂತು. ಹೂಕೋಸು ಎಲ್ಲಾದ್ರೂ ಬುಡದಲ್ಲಿ ಊದುತ್ತಾ? ಅದು ನವಿಲುಕೋಸಿನ ಕೆಲಸ!" ಮೂಲೆಯಲ್ಲಿ ಬಿದ್ದಿದ್ದ ಖಾಲಿ ಟ್ರೇ ಹುಡುಕಿ ಬಿಸಿಲಿಗೆ ಹಿಡಿದರು. ನವಿಲುಕೋಸು ಬಿತ್ತಿ, ಹಳದಿಯೆಂದುಕೊಂಡು ಕಟ್ಟಿದ್ದ ದಾರ ಅಚ್ಚ ಬಿಳಿಯಾಗಿ ಮಿಂಚುತ್ತಿತ್ತು. ಬೆಳಗಿನ ಜಾವ ಶೆಡ್ಡಿನೊಳಗೆ ಕಟ್ಟಿದ ದಾರ. ಆ ದರಿದ್ರ ಬಲ್ಬಿನ ಕೆಳಗೆ ಬಿಳಿಯೂ ಹಳದಿ, ಹಳದಿಯೂ ಬಿಳಿ. ಒಂದೆರಡು ವಾರದ ಕೋಸಿನ ಸಸಿಗಳಂತೂ ಅವಳಿಜವಳಿ, ಹೆತ್ತ ತಾಯಿಗೂ ಗುರುತು ಹತ್ತುವುದಿಲ್ಲ. ಟ್ರೇಗಳನ್ನು ಹೊರಗೆ ತಂದು ಜೋಡಿಸಿದ್ದು ಆ ವಾರ ಬೇರೆ ಕೆಲಸದಾಳುಗಳು. ಮಾರುವಾಗ ಸಸಿಯಕ್ಕ ದಾರದ ಬಣ್ಣವನ್ನಷ್ಟೇ ನಂಬಿದರು, ಬಿಳಿ ಕಂಡರೆ ಹೂಕೋಸು, ಹಳದಿ ಕಂಡರೆ ನವಿಲುಕೋಸು. ಹಗಲು ಕಂಡ ಬಾವಿಗೆ ಇರುಳು ಬೀಳುವುದು ಎಂದರೆ ಇದೇ ತಾನೆ?

ಬಚ್ಚಿಡಬಹುದಿತ್ತು. ಗಿಡ ಕೈಕೊಟ್ಟಿತು ಎಂದು ಜನ ಸುಮ್ಮನಾಗುತ್ತಿದ್ದರೇನೋ. ಸಸಿಯಕ್ಕ ನೇರ ಮಾಲೀಕರ ಮೇಜಿನ ಮುಂದೆ ನಿಂತರು. "ಸಾರ್, ಒಂದು ಎಡವಟ್ಟಾಗಿದೆ. ಹೂಕೋಸು ಅಂತ ಊರಿಗೆಲ್ಲ ನವಿಲುಕೋಸು ಕೊಟ್ಟಿದ್ದೀನಿ."

ಮಾಲೀಕರು ನಂಬಲಿಲ್ಲ. ನವಿಲುಕೋಸು ಬೆಳೆಯುವುದು ಸುಲಭ, ಹೂಕೋಸು ಕಷ್ಟ, ಇದನ್ನು ಆಕೆಯ ಬಾಯಲ್ಲೇ ನೂರು ಸಲ ಕೇಳಿದ್ದರು. "ಎಡವಟ್ಟಲ್ಲ ಇದು. ನೀನು ಬೇಕಂತಲೇ ಮಾಡಿದ್ದೀಯ," ಎಂದರು. "ನಾನು ಬೇಡ ಅಂದಿದ್ದನ್ನ ಹಿಂದಿನ ಬಾಗಿಲಿಂದ ಮಾಡಿದ್ದೀಯ."

ಈ ಮಾತು ಹೇಳುವಾಗ ಸಸಿಯಕ್ಕ ಈಗಲೂ ಕೈಯಲ್ಲಿದ್ದ ಕೆಲಸ ಕೆಳಗಿಡುತ್ತಾರೆ. "ಕಣ್ಣು ಕಾಣಲ್ವಾ, ಮೈಮೇಲೆ ಜ್ಞಾನ ಇಲ್ವಾ ಅಂತ ಬೈದಿದ್ರೆ ಬೈಸ್ಕೊಳ್ತಿದ್ದೆ. ಮೋಸ ಮಾಡಿದೆ ಅಂದುಬಿಟ್ರಲ್ಲ. ಅವತ್ತು ಊಟ ಸೇರಲಿಲ್ಲ ನಂಗೆ." ಅತ್ತು ಕೂರುವ ಜಾಯಮಾನ ಅವರದಲ್ಲ. ಮನೆಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬರುತ್ತೇನೆ ಎಂದರು. ಮಾಲೀಕರು ಒಂದು ಭಾನುವಾರ ಗೊತ್ತುಮಾಡಿದರು. ಅವತ್ತು ಎಲ್ಲರೂ ಇಲ್ಲಿಗೇ ಬರಲಿ, ಸಮಾಧಾನವೋ ಸಿಟ್ಟೋ ತಮ್ಮ ಕಣ್ಣೆದುರೇ ಗೊತ್ತಾಗಲಿ ಎಂದರು. ಮಾರನೆಯ ದಿನವೇ ಕಬ್ಬಿಣದ ಸ್ಟ್ಯಾಂಡುಗಳು ಬಂದಿಳಿದವು.

ಸರಿ, ಹೋಗುವುದೆಲ್ಲಿಗೆ? ವಿಳಾಸ ಯಾರದೂ ಇಲ್ಲ. ಆದರೆ ವಿಚಾರಣೆ ಮಾಡುವ ಚಾಳಿ ಕೈಹಿಡಿಯಿತು. ಬಾಯಿಗೆ ಬೀಗ ಹಾಕಿಕೊಂಡಿದ್ದ ಆ ಸಲವೂ ಬಿಸಿಲಿನ ಪ್ರಶ್ನೆಯೊಂದು ಮಾತ್ರ ತಾನಾಗಿ ಹೊರಬಿದ್ದಿತ್ತು. ಒಬ್ಬರದು ಮೂರನೇ ಮಹಡಿ, ಬೆಳಗಿನ ಬಿಸಿಲು, ಪಾರಿವಾಳ. ಇನ್ನೊಬ್ಬರದು ಸಂಜೆ ಬಿಸಿಲು, ಎದುರಿಗೆ ನೀರಿನ ಟ್ಯಾಂಕು. ಊರಿನ ಬೀದಿಗಳು ಗೊತ್ತಿಲ್ಲದ ಸಸಿಯಕ್ಕನಿಗೆ ಊರಿನ ಬಿಸಿಲೆಲ್ಲ ಬಾಯಿಪಾಠ. ಬೀದಿಗಳನ್ನು ಬಲ್ಲವರು ಗಂಡ. ಹೊಲಿದ ಬಟ್ಟೆ ಮನೆಮನೆಗೆ ಮುಟ್ಟಿಸುವ ಅವರ ಸೈಕಲ್ಲು ಕಾಣದ ಸಂದಿಯಿಲ್ಲ. ಸಂಜೆ ಕೆಲಸ ಬಿಟ್ಟಮೇಲೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಡುತ್ತಿದ್ದರು.

"ಮದುವೆಯಾದ ಹೊಸದರಲ್ಲೂ ಹೀಗೆ ಸುತ್ತಾಡಿರಲಿಲ್ಲ," ಎಂದು ದರ್ಜಿ ಮೀಸೆಯಲ್ಲೇ ನಗುತ್ತಾರೆ. "ಇವಳು ಹಿಂದೆ ಕೂತು ಆಕಾಶ ನೋಡ್ತಾ ಬಾಲ್ಕನಿ ಹುಡುಕೋಳು. ನಾನು ಮುಂದೆ ಗುಂಡಿ ಹುಡುಕೋನು. ನೋಡಿದೋರು ಏನಂದ್ಕೊಂಡ್ರೋ!"

ಮೊದಲು ಸಿಕ್ಕಿದ್ದು ಹಲ್ಲಿನ ಡಾಕ್ಟರಮ್ಮನ ಮನೆ. ಕೆಳಗೆ ಕ್ಲಿನಿಕ್, ಮೇಲೆ ಬಾಲ್ಕನಿ. ಬೆಲ್ ಒತ್ತುವಾಗ ಸಸಿಯಕ್ಕ ಮೆಟ್ಟಿಲುದ್ದಕ್ಕೂ ಹೇಳಿಕೊಂಡು ಬಂದ ಕ್ಷಮಾಪಣೆಯನ್ನು ಇನ್ನೊಮ್ಮೆ ಬಾಯೊಳಗೇ ಒಪ್ಪಿಸಿಕೊಂಡರು. ಬಾಗಿಲು ತೆರೆದ ಡಾಕ್ಟರಮ್ಮ ಅವರನ್ನು ಕಂಡದ್ದೇ ತಡ, ಕೈಹಿಡಿದು ಎಳೆದುಕೊಂಡೇ ಹೋದರು.

"ಒಳ್ಳೇ ಹೊತ್ತಿಗೆ ಬಂದ್ರಿ! ನನ್ನ ಹೂಕೋಸಿಗೆ ಏನೋ ರೋಗ ಬಂದಿದೆ. ಮೂರಕ್ಕೂ ಬುಡದಲ್ಲಿ ಬಾವು. ಒಂದಕ್ಕೆ ಕುಯ್ದು ನೋಡಿದೆ, ಕೀವಿಲ್ಲ!"

ಬಾಲ್ಕನಿಯ ಕಟ್ಟೆಯ ಮೇಲೆ ಮೂರು ಕುಂಡ. ಮೂರರಲ್ಲೂ ಅಂಗೈಯಗಲ ಎಲೆಗಳು ಛತ್ರಿಯಂತೆ ಅರಳಿ, ನಡುವೆ ತಿಳಿಹಸಿರು ಗೆಡ್ಡೆಗಳು ನುಣ್ಣಗೆ ಮಿನುಗುತ್ತಿದ್ದವು. ಒಂದರ ಮೇಲೆ ಮಾತ್ರ ನೇರವಾದ, ಅಚ್ಚುಕಟ್ಟಾದ ಒಂದು ಗಾಯ. ಹಲ್ಲಿನ ವಸಡು ಕುಯ್ಯುವ ಪುಟ್ಟ ಚಾಕುವಿನದು.

ಸಸಿಯಕ್ಕನಿಗೆ ಕ್ಷಮಾಪಣೆ ಮರೆತೇಹೋಯಿತು. ಕುಂಡದ ಮುಂದೆ ಮಂಡಿಯೂರಿ ಎಲೆಯ ಕೆನ್ನೆ ಸವರಿದರು. "ಅಯ್ಯೋ ನನ್ನ ಕಂದಾ! ಎಷ್ಟು ದೊಡ್ಡೋಳಾಗಿಬಿಟ್ಟಿದ್ದೀಯೇ!" ಕಣ್ಣಲ್ಲಿ ನೀರು, ಬಾಯಲ್ಲಿ ನಗು. ತಾವು ಬಿತ್ತಿದ್ದು ಬೆಳೆದು ನಿಂತದ್ದನ್ನು ಆ ಹೆಂಗಸು ಜೀವಮಾನದಲ್ಲಿ ಮೊದಲ ಸಲ ನೋಡುತ್ತಿದ್ದರು.

ಸಾವರಿಸಿಕೊಂಡು ವಿಷಯ ಹೇಳಿದಾಗ ಡಾಕ್ಟರಮ್ಮನ ಮುಖ ನೋಡಬೇಕಿತ್ತಂತೆ. "ಹಾಗಾದ್ರೆ ನಾನು ಚೆನ್ನಾಗಿರೋ ತರಕಾರಿಗೆ ಆಪರೇಷನ್ ಮಾಡಿದ್ನಾ?" ಎಂದು ಒಂದು ಗಳಿಗೆ ಬೆಪ್ಪಾಗಿ, ಮರುಗಳಿಗೆ ಕೆಂಪಾದರು. ಇದುವರೆಗೆ ನೆಟ್ಟದ್ದೆಲ್ಲ ಸಾಯಿಸಿದ ಕೈ ಅವರದು. ಈ ಸಲ ಹೂಕೋಸು ಬೆಳೆದು ತಾಯಿಗೆ ತೋರಿಸುತ್ತೇನೆಂದು ಪಂಥ ಕಟ್ಟಿದ್ದರು. "ಭಾನುವಾರ ಬರ್ತೀನಿ. ನಿಮ್ಮ ಮಾಲೀಕರ ಹತ್ರ ನಾನೇ ಮಾತಾಡ್ಬೇಕು," ಎಂದು ಬಾಗಿಲು ಹಾಕಿಕೊಂಡರು. ದಡಾರೆಂದಲ್ಲ, ಆದರೆ ಹಾಕಿಕೊಂಡರು.

ಹೀಗೇ ಮನೆಯಿಂದ ಮನೆಗೆ. ಒಂದು ಕಡೆ ಗೆಡ್ಡೆ ನೋಡಿ ಹೆದರಿ ಗಿಡವನ್ನೇ ಕಿತ್ತು ಕಸಕ್ಕೆ ಹಾಕಿದ್ದರು. ಆ ಮೆಟ್ಟಿಲು ಇಳಿದ ಸಸಿಯಕ್ಕ ಕೆಳಗಿನ ಕಸದ ಡಬ್ಬಿಯೊಳಗೆ ಒಮ್ಮೆ ಇಣುಕಿ ನೋಡಿದರು. ಇನ್ನೊಂದು ಕಡೆ ಶಾಲೆಯ ಬಸ್ ಓಡಿಸುವವರು ಕಿಟಕಿಗೆ ತಂತಿ ಕಟ್ಟಿ, ಸೋರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆಳೆಸಿದ್ದ ಗೆಡ್ಡೆ ಮುಷ್ಟಿಯಷ್ಟಾಗಿತ್ತು. ಹೋದಲ್ಲೆಲ್ಲ ಒಂದೇ ಮಾತು: "ತಪ್ಪು ನಂದು. ಚೆಂಡಿನಷ್ಟಾದಾಗ ಕೊಯ್ದುಬಿಡಿ, ಇನ್ನೂ ದೊಡ್ಡದಾಗ್ಲಿ ಅಂತ ಆಸೆ ಪಟ್ರೆ ನಾರಾಗುತ್ತೆ. ಬೈಯೋದಿದ್ರೆ ಭಾನುವಾರ ಬಂದು ಬೈರಿ. ಬರುವಾಗ ಅದನ್ನೂ ತನ್ನಿ, ಒಂದು ಸಲ ನೋಡ್ತೀನಿ."

ಗಡಿಯಾರದ ತಾತ ಮಾತ್ರ ಉಲ್ಟಾ ದೂರು ಹೇಳಿದರು. "ಎಲ್ಲರದೂ ಊದಿದೆ ಅಂತೀಯ, ನಂದು ಯಾಕಮ್ಮ ಊದಿಲ್ಲ?"

"ನಿಮ್ಮದು ಹೂ ಬಿಡುತ್ತೆ ತಾತ. ಅದೊಂದೇ ಹೂಕೋಸು."

ತಾತ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ಬೊಚ್ಚುಬಾಯಿ ಬಿಟ್ಟು ನಕ್ಕರು. "ಒಳ್ಳೇದೇ ಆಯ್ತು ಬಿಡು. ಹಲ್ಲಿಲ್ಲದ ಬಾಯಿಗೆ ಗೆಡ್ಡೆಗಿಂತ ಹೂವೇ ವಾಸಿ!"

ಅಂತೂ ಆ ಭಾನುವಾರ ಬಂದಿದೆ. ಗೇಟು ತೆರೆದು ಬಹಳ ಹೊತ್ತಾಯಿತು. ಗುಲಾಬಿ ಕೇಳುವವರು ಬಂದರು, ಹೋದರು. ಗೊಬ್ಬರದ ಚೀಲ ಕೇಳುವವರು ಬಂದರು, ಹೋದರು. ಕೋಸಿನವರು ಒಬ್ಬರೂ ಇಲ್ಲ. ಸಸಿಯಕ್ಕ ಆಗಲೇ ನೀರು ಹಾಕಿದ ಗಿಡಗಳಿಗೆ ಮತ್ತೆ ನೀರು ಹಾಕಲು ಹೋಗಿ, ಬೆರಳಿಗೆ ಮಣ್ಣು ಅಂಟಿದ್ದು ನೋಡಿ, ನಾಚಿ ಕೊಳವೆ ಕೆಳಗಿಡುತ್ತಾರೆ. ಆಚೆ ಮಾಲೀಕರು ಟೇಪು ಹಿಡಿದು ತರಕಾರಿ ಮೂಲೆಯ ಉದ್ದಗಲ ಅಳೆಯುತ್ತಿದ್ದಾರೆ. ದರ್ಜಿ ಅಂಗಡಿ ಮುಚ್ಚಿ ಬಂದು ಗೇಟಿನ ಕಲ್ಲಿನ ಮೇಲೆ ಕೂತಿದ್ದಾರೆ. ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ.

ಅಷ್ಟರಲ್ಲಿ ಗೇಟಿನಾಚೆ ಒಂದು ಕುಂಡ ನಡೆದು ಬರುತ್ತದೆ! ಕುಂಡದ ಹಿಂದೆ ಎಲೆಗಳು, ಎಲೆಗಳ ಹಿಂದೆ ತಾತ. ಎರಡೂ ಕೈಯಲ್ಲಿ ತಬ್ಬಿಕೊಂಡು ಏದುಸಿರು ಬಿಡುತ್ತಾ ಬಂದು ಮೇಜಿನ ಮೇಲೆ ಇಳಿಸುತ್ತಾರೆ. ಎಲೆಗಳ ನಡುವೆ ನಿಂಬೆಹಣ್ಣಿಗಿಂತ ತುಸು ದೊಡ್ಡ ಬಿಳಿಯ ಹೂವು. "ಕೊಯ್ಯೋಕೆ ಮನಸ್ಸು ಬರ್ಲಿಲ್ಲ, ಹೊತ್ಕೊಂಡೇ ಬಂದೆ," ಎನ್ನುತ್ತಾರೆ ತಾತ. ಹಿಂದೆಯೇ ಶಾಲೆ ಬಸ್ಸಿನವರು, ಬಗಲಲ್ಲಿ ಹೆಂಡತಿ, ಕೈಯಲ್ಲಿ ಚೀಲ. ಆಮೇಲೆ ಸಂಜೆ ಬಿಸಿಲಿನ ಬಾಲ್ಕನಿಯವರು. ಪಾರಿವಾಳದ ಕಾಟದವರು. ಗಿಡ ಕಸಕ್ಕೆ ಹಾಕಿದವರೂ ಬರಿಗೈಯಲ್ಲಿ, ತಲೆ ತಗ್ಗಿಸಿಕೊಂಡು. ಮೇಜಿನ ಮೇಲೆ ನವಿಲುಕೋಸುಗಳು ಒಂದರ ಪಕ್ಕ ಒಂದು ಕೂರುತ್ತವೆ. ಒಂದು ದುಂಡಗೆ, ಒಂದು ಚಪ್ಪಟೆ, ಒಂದು ಸೊಟ್ಟ. ಸಸಿಯಕ್ಕ ಒಂದೊಂದನ್ನೂ ಎತ್ತಿ ತಿರುಗಿಸಿ ನೋಡುತ್ತಾ, "ಇದು ನೋಡಿ, ಇದು! ಅಬ್ಬಾ, ಇದು ನೋಡಿ!" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ.

ಕೊನೆಗೆ ಬಂದವರು ಹಲ್ಲಿನ ಡಾಕ್ಟರಮ್ಮ. ಕೈಯಲ್ಲಿ ಸ್ಟೀಲ್ ಟ್ರೇ, ಅದರ ಮೇಲೆ ಬಿಳಿ ಬಟ್ಟೆ. ಜನ ದಾರಿ ಬಿಡುತ್ತಾರೆ. ಡಾಕ್ಟರಮ್ಮ ನೇರ ಮಾಲೀಕರ ಮುಂದೆ ನಿಲ್ಲುತ್ತಾರೆ.

"ನಾನು ದೂರು ಕೊಡೋಕೆ ಬಂದಿದ್ದೀನಿ."

ದರ್ಜಿ ಕಲ್ಲಿನಿಂದ ಎದ್ದು ನಿಲ್ಲುತ್ತಾರೆ. ಸಸಿಯಕ್ಕ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮಾಲೀಕರ ಕೈಯಲ್ಲಿ ಟೇಪು ಚಟ್ಟೆಂದು ಸುತ್ತಿಕೊಳ್ಳುತ್ತದೆ.

ಡಾಕ್ಟರಮ್ಮ ಬಟ್ಟೆ ಸರಿಸುತ್ತಾರೆ. ಟ್ರೇಯಲ್ಲಿ ಹೊಳೆಯುವ ಒಂದು ನವಿಲುಕೋಸು. ಹೊಟ್ಟೆಯ ಮೇಲೆ ಗಾಯ ಒಣಗಿ ಕಂದು ಗೆರೆಯಾಗಿದೆ. "ಇದರ ಜೊತೆಯವು ಎರಡೂ ಮನೇಲಿ ಖರ್ಚಾದ್ವು. ನಮ್ಮಮ್ಮ ನಾನು ಬೆಳೆದಿದ್ದು ಅಂದ್ರೆ ನಂಬಲೇ ಇಲ್ಲ, ಬಾಲ್ಕನಿಗೆ ಕರ್ಕೊಂಡು ಹೋಗಿ ತೋರಿಸ್ಬೇಕಾಯ್ತು! ಕುಯ್ದ್ರೂ ಸಾಯದೆ ಇರೋ ಇಂಥ ಗಿಡ ಇರುವಾಗ ಹೊಸಬಳಾದ ನನಗೆ ಇದನ್ನ ಮೊದಲೇ ಯಾಕೆ ಹೇಳಲಿಲ್ಲ? ಈಯಮ್ಮ ಎಲ್ಲರಿಗೂ ಬುದ್ಧಿ ಹೇಳ್ತಾರೆ ಅಂತ ಕೇಳಿದ್ದೆ. ನನಗೆ ಮಾತ್ರ ತುಟಿ ಬಿಚ್ಚಲಿಲ್ಲ. ಇವರ ಬಾಯಿ ಕಟ್ಟಿದ್ದು ಯಾರು? ಅದು ನನ್ನ ದೂರು!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮಾಲೀಕರ ಕಣ್ಣು ತಾನಾಗಿ ಗೇಟಿನ ಮೇಲಿನ ಹೂಕೋಸಿನ ಚಿತ್ರಕ್ಕೆ ಹೋಗುತ್ತದೆ. ಸುತ್ತ ನಿಂತವರು ಗೊಳ್ಳೆಂದು ನಗುತ್ತಾರೆ. ಯಾರೋ ಉಪ್ಪು ತರುತ್ತಾರೆ. ಡಾಕ್ಟರಮ್ಮ ತಾವೇ ಸಿಪ್ಪೆ ಹೆರೆದು, ಹಸಿಯ ನವಿಲುಕೋಸನ್ನು ತೆಳ್ಳಗೆ ಹೆಚ್ಚಿ, ಗಾಯದ ಕಡೆಯ ಮೊದಲ ಹೋಳನ್ನು ಸಸಿಯಕ್ಕನ ಕೈಗಿಡುತ್ತಾರೆ. ಕರುಂ ಎಂದು ಸದ್ದು. ಸಸಿಯಕ್ಕ ಅಗಿಯುತ್ತಾರೆ, ನಿಲ್ಲಿಸುತ್ತಾರೆ, ಮತ್ತೆ ಅಗಿಯುತ್ತಾರೆ.

"ಸಿಹಿಯಾಗಿದೆ," ಎನ್ನುತ್ತಾರೆ ಮೆಲ್ಲಗೆ. ಅರ್ಧ ಹೋಳನ್ನು ಗಂಡನ ಬಾಯಿಗೆ ಹಾಕುತ್ತಾರೆ. "ತಿಂದು ನೋಡಿ. ನಮ್ಮದೇ!"

ಜನ ಮೇಜಿನ ಸುತ್ತಲಿಂದ ಚದುರಿದ ಮೇಲೂ ಮಾಲೀಕರು ಅಲ್ಲೇ ನಿಂತಿದ್ದಾರೆ. ಕಬ್ಬಿಣದ ಸ್ಟ್ಯಾಂಡುಗಳನ್ನು ಮುಂಬಾಗಿಲ ಕಡೆಗೆ ಸಾಗಿಸಲು ಆಳುಗಳಿಗೆ ಹೇಳಿಯಾಗಿದೆ. ಆದರೆ ಮನಸ್ಸಿನಲ್ಲಿ ಇನ್ನೂ ಒಂದು ಮುಳ್ಳಿದೆ. "ಮೂಲೆ ನಿಂದೇ ಆಯ್ತು. ಈಗಲಾದ್ರೂ ನಿಜ ಹೇಳು. ಬೇಕಂತಲೇ ಮಾಡಿದ್ದು ತಾನೆ?"

ಸಸಿಯಕ್ಕ ಅವರನ್ನು ಶೆಡ್ಡಿಗೆ ಕರೆದೊಯ್ಯುತ್ತಾರೆ. ಬಾಗಿಲು ಮುಚ್ಚಿ ಬಲ್ಬು ಹಾಕುತ್ತಾರೆ. ಜೇಬಿನಿಂದ ಎರಡು ಎಳೆ ದಾರ ತೆಗೆದು ಅವರ ಮುಂದೆ ಹಿಡಿಯುತ್ತಾರೆ. "ಬಿಳಿ ಯಾವುದು, ಹೇಳಿ ಸಾರ್."

"ಇದೇನು, ಸಣ್ಣ ಮಕ್ಕಳ ಆಟ? ಇದು," ಎಂದು ಮಾಲೀಕರು ಒಂದನ್ನು ಎಳೆದುಕೊಳ್ಳುತ್ತಾರೆ.

"ಸರಿಯಾಗಿ ನೋಡಿದ್ರಾ?"

"ನೋಡಿದೆ. ಇದೇ ಬಿಳಿ."

"ಹಾಗಾದ್ರೆ ಬನ್ನಿ, ಬಿಸಿಲಿಗೆ."

ಅಂಗಳದಲ್ಲಿ ಮಾಲೀಕರು ಮುಷ್ಟಿ ಬಿಚ್ಚುತ್ತಾರೆ. ಅಂಗೈ ಮೇಲೆ ತಿಳಿಹಳದಿಯ ಎಳೆ. ಅದನ್ನೊಮ್ಮೆ, ಸಸಿಯಕ್ಕನ ಮುಖವನ್ನೊಮ್ಮೆ ನೋಡುತ್ತಾರೆ. ಆ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. ತಪ್ಪಾಯಿತು ಎನ್ನಲಿ ಎಂದು ಸಸಿಯಕ್ಕ ಕಾಯುವುದಿಲ್ಲ. ಮೂಲೆಯಲ್ಲಿ ಆಗಲೇ ಹೊಸಬರ ಸಾಲು ಬೆಳೆದಿದೆ. ಗಿಡ ಕಸಕ್ಕೆ ಹಾಕಿದವರೇ ಎಲ್ಲರಿಗಿಂತ ಮುಂದೆ. "ಕುಂಡಕ್ಕೆ ತೂತಿದೆಯಾ? ಬಿಸಿಲು ಯಾವ ಕಡೆಯಿಂದ?" ಶುರುವಾಯಿತು ವಿಚಾರಣೆ.

ಸಾಲು ಕರಗುತ್ತಾ ಬಂದು ಕೊನೆಯಲ್ಲೊಬ್ಬರು ಉಳಿಯುತ್ತಾರೆ. ಸಸಿಯಕ್ಕ ತಲೆಯೆತ್ತಿದರೆ ಮಾಲೀಕರು! ಬಗಲಲ್ಲಿ ಒಂದು ಖಾಲಿ ಕುಂಡ, ಬೆರಳಿಗೆ ಸುತ್ತಿಕೊಂಡ ಹಳದಿ ದಾರ ಇನ್ನೂ ಹಾಗೇ ಇದೆ.

"ಇಷ್ಟು ವರ್ಷ ಗಿಡ ಮಾರಿದ್ದೀನಿ, ತಿನ್ನೋ ಅಂಥದ್ದು ಒಂದೂ ಬೆಳೆದಿಲ್ಲ," ಎನ್ನುತ್ತಾರೆ, ನೆಲ ನೋಡುತ್ತಾ. "ನನಗೂ ಒಂದು ನವಿಲುಕೋಸು ಕೊಡಕ್ಕ."

ಸಸಿಯಕ್ಕ ಕುಂಡ ಇಸಿದುಕೊಂಡು ತಲೆಕೆಳಗು ಮಾಡುತ್ತಾರೆ. ತೂತಿದೆ. ಮಣ್ಣು ತುಂಬುತ್ತಾರೆ. ಆದರೆ ಕೈ ಹೋಗುವುದು ಸಸಿಯ ಟ್ರೇಗಲ್ಲ, ಪಕ್ಕದ ಡಬ್ಬಿಗೆ.

"ಹೊಸಬರಿಗೆ ಮೊದಲು ಮೆಂತ್ಯ, ಸಾರ್. ಗೆದ್ರೆ ಮುಂದಿಂದು ನೋಡೋಣ," ಎಂದು ಒಂದು ಹಿಡಿ ಕಾಳನ್ನು ಅವರ ಅಂಗೈಗೆ ಸುರಿಯುತ್ತಾರೆ. "ಬೆಳೆದ ಮೇಲೆ ತಂದು ತೋರಿಸ್ಬೇಕು. ಈಗ ಎಲ್ಲರೂ ತೋರಿಸ್ತಾರೆ ನಂಗೆ."